ಕೆಂಪು ನೂಲು, ಬಿಳಿ ನೂಲು

ಫೆಬ್ರುವರಿ 4

ಅಕ್ಕ,

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು. ಕ್ರೇನಿನ ಗಾಜಿನ ಗೂಡಿನಲ್ಲಿ ಕೂತಿರುವಾಗ ಎದೆಯಿಂದ ಕಿವಿಯವರೆಗೆ ಯಾರೋ ಒಳಗಿನಿಂದ ಬೆಂಕಿ ಹಚ್ಚಿದ ಹಾಗಾಗುತ್ತದೆ, ಬೆವರು ಕಣ್ಣಿಗಿಳಿದು ಕೊಕ್ಕೆಯೇ ಕಾಣುವುದಿಲ್ಲ ಎಂದು ಬರೆದಿದ್ದೀಯ. ಮುಟ್ಟು ನಿಲ್ಲುವ ಕಾಲ, ಎಲ್ಲ ಹೆಂಗಸರಿಗೂ ಆಗುವುದೇ, ಎಂದು ಸಮಾಧಾನವನ್ನೂ ನೀನೇ ಹೇಳಿಕೊಂಡಿದ್ದೀಯ. ಆ "ಆಗುವುದೇ" ಎಂಬ ಮಾತಿನ ಮೇಲೆ ನನಗೆಷ್ಟು ಕೋಪವಿದೆ ಎಂದು ನಿನಗೆ ಗೊತ್ತಲ್ಲ. ಹೆಂಗಸರಿಗೆ ಆಗಿರುವ ಅನ್ಯಾಯಗಳೆಲ್ಲ ಆ ಮಾತಿನ ಚಾಪೆಯ ಮೇಲೆ ಹಾಯಾಗಿ ಮಲಗಿ ನಿದ್ದೆ ಹೊಡೆಯುತ್ತಿವೆ.

ಇದರ ಜೊತೆ ಒಂದು ಡಬ್ಬಿ ಮಾತ್ರೆ ಕಳಿಸಿದ್ದೇನೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಒಂದು ಬೀಜದ ಸತ್ವ. ಹೆಣ್ಣಿನ ಹಾರ್ಮೋನಿನ ವೇಷ ಹಾಕಿಕೊಂಡು ಮೈಯೊಳಗೆ ಓಡಾಡುವಂಥದ್ದು. ಬಿಸಿ ಏರುವುದು ಕಡಿಮೆಯಾಗುತ್ತದೆ, ರಕ್ತನಾಳಕ್ಕೂ ಒಳ್ಳೆಯದು. ಡಬ್ಬಿಯ ಮೇಲಿನ ಬರಹವನ್ನು ನಂಬಿ ಹೇಳುತ್ತಿಲ್ಲ, ನಮ್ಮ ಲ್ಯಾಬಿನಲ್ಲಿ ಈಗ ಇದರದೇ ಕೆಲಸ.

ಏನು ಕೆಲಸ ಎಂದು ನೀನು ಕೇಳುತ್ತಲೇ ಇದ್ದೀಯ, ಹೇಳಿಬಿಡುತ್ತೇನೆ. ಕಸಾಯಿಖಾನೆಯಿಂದ ಹಂದಿಗಳ ಹೃದಯ ಐಸಿನ ಪೆಟ್ಟಿಗೆಯಲ್ಲಿ ಬರುತ್ತದೆ. ಅದರ ಮೇಲಿನ ರಕ್ತನಾಳವನ್ನು ಬಿಡಿಸಿ ಸಣ್ಣ ಸಣ್ಣ ಉಂಗುರಗಳಾಗಿ ಕತ್ತರಿಸುವುದು ನನ್ನ ಕೆಲಸ. ಒಂದೊಂದು ಉಂಗುರವನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ಎರಡು ತೆಳು ಕೊಕ್ಕೆಗಳ ನಡುವೆ ತೂಗುಹಾಕುತ್ತೇವೆ. ಸತ್ತ ಪ್ರಾಣಿಯದಾದರೂ ಉಂಗುರ ಇನ್ನೂ ಬದುಕಿರುತ್ತದೆ, ಅಕ್ಕ! ಒಂದು ಔಷಧಿಯ ಹನಿ ಹಾಕಿದರೆ ಬಿಗಿಯುತ್ತದೆ, ಕೊಕ್ಕೆಗೆ ಜೋಡಿಸಿದ ಪೆನ್ನು ಕಾಗದದ ಮೇಲೆ ಗೆರೆಯನ್ನು ಮೇಲಕ್ಕೆಳೆಯುತ್ತದೆ. ಬೀಜದ ಸತ್ವ ಹಾಕಿದರೆ ಸಡಿಲವಾಗುತ್ತದೆ, ಗೆರೆ ಕೆಳಗಿಳಿಯುತ್ತದೆ. ಸಡಿಲವಾದ ನಾಳದಲ್ಲಿ ರಕ್ತ ಸರಾಗ. ಇಷ್ಟೇ ವಿಷಯ.

ಇನ್ನೊಂದು ಸಂಗತಿ. ಕಸಾಯಿಖಾನೆಯವನು ಹೆಣ್ಣಿನ ಹೃದಯಕ್ಕೆ ಕೆಂಪು ನೂಲು, ಗಂಡಿನದಕ್ಕೆ ಬಿಳಿ ನೂಲು ಕಟ್ಟಿ ಕಳಿಸುತ್ತಾನೆ. ಹಾಗೆ ಕಟ್ಟಿಸುವುದು ನಮ್ಮ ದೊಡ್ಡ ಮೇಡಂ. ನನಗೆ ಮೈ ಉರಿದುಹೋಯಿತು. ಸತ್ತ ಮೇಲೂ ಬಿಡುವುದಿಲ್ಲವೇ ಈ ಜನ? ಬಸ್ಸಿನಲ್ಲಿ ಬೇರೆ ಸೀಟು, ಕೆಲಸಕ್ಕೆ ಬೇರೆ ಕೂಲಿ, ಈಗ ರಕ್ತನಾಳಕ್ಕೂ ಬೇರೆ ನೂಲು! ಹೋದ ವಾರ ಓದಿದ ಕಿರುಹೊತ್ತಿಗೆಯಲ್ಲಿ ಬರೆದಿತ್ತು: "ಮೊದಲು ಗುರುತು ಹಾಕುತ್ತಾರೆ, ಆಮೇಲೆ ಬೆಲೆ ಇಳಿಸುತ್ತಾರೆ." ಮೇಡಂ ಕಣ್ಣಿನ ಆಪರೇಷನ್ ಎಂದು ರಜೆಯಲ್ಲಿದ್ದಾರೆ, ಮೇಜು ನನ್ನ ಕೈಯಲ್ಲಿದೆ. ಪೆಟ್ಟಿಗೆ ಬಂದ ಕೂಡಲೇ ಕತ್ತರಿ ತೆಗೆದುಕೊಂಡು ನೂಲುಗಳನ್ನೆಲ್ಲ ಕತ್ತರಿಸಿ ಕಸದ ಬುಟ್ಟಿಗೆ ಹಾಕುತ್ತೇನೆ. ಎಲ್ಲವೂ ಒಂದೇ ಜಾಡಿಗೆ. ನನ್ನ ಮೇಜಿನ ಮೇಲಾದರೂ ಸಮಾನತೆ ಬಂದಿದೆ.

ದಿನಕ್ಕೊಂದು ಮಾತ್ರೆ. ಮರೆಯಬೇಡ.

ನಿನ್ನ ತಂಗಿ


ಫೆಬ್ರುವರಿ 18

ನನ್ನ ಪಟಾಕಿ,

ನಿನ್ನ ಕಾಗದ ಬಿಚ್ಚುವ ಮೊದಲು ಒಂದು ಬಕೆಟ್ ನೀರು ಪಕ್ಕದಲ್ಲಿಟ್ಟುಕೊಳ್ಳಬೇಕು ಎಂದು ನಿನ್ನ ಭಾವ ಹೇಳುತ್ತಾರೆ. ನೂಲು ಕತ್ತರಿಸಿದ್ದನ್ನು ಓದಿ ಹೇಳಿದಾಗ ಬಿದ್ದು ಬಿದ್ದು ನಕ್ಕರು. "ಹಂದಿಗಳ ಸಂಘಕ್ಕೆ ಇವಳೇ ಅಧ್ಯಕ್ಷೆ" ಅಂದರು.

ನಿನ್ನದೂ ಕೊಕ್ಕೆ ಕೆಲಸ ಎಂದು ಗೊತ್ತಿರಲಿಲ್ಲ. ನಾನು ಪೈಪಿನ ಕಟ್ಟು ತೂಗುಹಾಕುತ್ತೇನೆ, ನೀನು ದಾರದಷ್ಟು ನಾಳ ತೂಗುಹಾಕುತ್ತೀಯ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮಾತ್ರೆ ಶುರುಮಾಡಿದೆ. ಇವರೂ ನುಂಗುತ್ತಿದ್ದಾರೆ, ಕೇಳು! ಬೇಕರಿಯ ಒಲೆ ಮುಂದೆ ದಿನವಿಡೀ ನಿಲ್ಲುವ ತನಗೂ ಬಿಸಿ ಕಮ್ಮಿಯಾಗಲಿ ಅಂತ. "ರಕ್ತನಾಳಕ್ಕೆ ಒಳ್ಳೇದು ಅಂತ ಬರ್ದಿದಾಳಲ್ಲ, ನಂಗೇನು ರಕ್ತನಾಳ ಇಲ್ವಾ? ಮೀಸೆ ಉದುರಿದ್ರೆ ಮಾತ್ರ ನಿನ್ನ ತಂಗೀನೇ ಹೊಸದು ತಂದ್ಕೊಡ್ಬೇಕು." ಮೀಸೆ ಇನ್ನೂ ಇದೆ. ನನಗೆ ಬಿಸಿ ಏರುವುದು ನಿಜವಾಗಿಯೂ ಇಳಿದಿದೆ. ನಿನ್ನ ಕೈ ತಣ್ಣಗಿರಲಿ.

ಇಲ್ಲಿ ದೊಡ್ಡ ಸುದ್ದಿಯೊಂದಿದೆ. ನಮ್ಮ ಪೈಪಿನ ಯಾರ್ಡಿನ ಆ ಕಡೆ ತುದಿಗೆ ಹೊಸ ಕ್ರೇನು ಬರುತ್ತಿದೆ, ಈಗಿನದರ ಎರಡರಷ್ಟು ಭಾರ ಎತ್ತುವಂಥದ್ದು. ನಡೆಸುವುದು ಯಾರು ಎಂದು ಬೇಸಿಗೆಯೊಳಗೆ ತೀರ್ಮಾನ. ಎರಡೇ ಹೆಸರು ಓಡಾಡುತ್ತಿವೆ, ನನ್ನದು ಮತ್ತು ಗೂಳಿಯದು. ಗೂಳಿ ಎಂದರೆ ಎರಡನೇ ಕ್ರೇನಿನವನು, ಕುತ್ತಿಗೆ ನೋಡಿದರೆ ನಿನಗೇ ತಿಳಿಯುತ್ತದೆ. ಮೇಸ್ತ್ರಿಯನ್ನು ಕೇಳಿದರೆ "ನೋಡೋಣಮ್ಮ, ಕೆಲಸ ನಿಂದು ಚೆನ್ನಾಗೇ ಇದೆ, ಆದ್ರೂ ನೋಡೋಣ" ಅನ್ನುತ್ತಾರೆ. ಆ "ಆದ್ರೂ" ಏನೆಂದು ನನಗೆ ಗೊತ್ತು. ಇಷ್ಟು ವರ್ಷ ಆ ಗೂಡಿನಲ್ಲಿ ಕೂತು ಯಾರ ಮೈಮೇಲೂ ಒಂದು ಕಡ್ಡಿ ಬೀಳಿಸಿಲ್ಲ. ಆ ಕ್ರೇನು ನನಗೆ ಬೇಕು, ಪುಟ್ಟಿ. ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಕ್ರೇನಿನ ಹಿಡಿಕೆಯನ್ನು ಒತ್ತಿ ಹಿಡಿದಿದ್ದರೆ ಮಾತ್ರ ಅದು ನಡೆಯುತ್ತದೆ. ಕೈ ಬಿಟ್ಟರೆ ಎಲ್ಲ ಗಕ್ಕನೆ ನಿಲ್ಲುತ್ತದೆ. ಗಂಡಸರು ಕೈ ನೋವೆಂದು ಹಿಡಿಕೆಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಬಿಗಿದುಬಿಡುತ್ತಾರೆ. ಮೇಸ್ತ್ರಿ ಕಂಡರೂ ಕಾಣದ ಹಾಗಿರುತ್ತಾರೆ. ನಾನು ಇದುವರೆಗೆ ಕಟ್ಟಿಲ್ಲ. "ಹೆದರ್ಕೊಂಡು ಕ್ರೇನ್ ನಡೆಸೋದು ಹೆಂಗಸರು ಮಾತ್ರ" ಎಂದು ಗೂಳಿ ಎಲ್ಲರೆದುರು ಆಡಿಕೊಂಡ. ನೀನೇನನ್ನುತ್ತೀಯ?

ನಾನು ಬೆಳಿಗ್ಗೆ ಏಣಿ ಹತ್ತಿದರೆ ಊಟದ ಗಂಟೆಯವರೆಗೆ ಇಳಿಯುವುದೇ ಇಲ್ಲ. ಗೂಳಿ ನಾಲ್ಕು ಸಲ ಇಳಿಯುತ್ತಾನೆ. ಅದು ಹೇಗೆ ಸಾಧ್ಯ ಎಂಬ ಗುಟ್ಟು ಮಾತ್ರ ನಿನಗೆ ಬೇಡ.

ಅಕ್ಕ


ಮಾರ್ಚ್ 3

ಅಕ್ಕ,

ಆ ಕ್ರೇನು ನಿನ್ನದೇ! ನಿನ್ನ ಕಾಗದವನ್ನು ನಮ್ಮ ಓದುಕೂಟದಲ್ಲಿ ಜೋರಾಗಿ ಓದಿದೆ. ಬೆಳಿಗ್ಗೆ ಹತ್ತಿದವಳು ಮಧ್ಯಾಹ್ನದವರೆಗೆ ಇಳಿಯುವುದಿಲ್ಲ ಎಂಬ ಸಾಲಿಗೆ ಎಲ್ಲರೂ ಮೇಜು ಬಡಿದರು. ಹೆಂಗಸಿನ ಮೈ ಯಾವುದರಲ್ಲೂ ಗಂಡಸಿನ ಮೈಗಿಂತ ಬೇರೆಯಲ್ಲ, ಬೇರೆ ಎನ್ನುವುದು ಅವಳನ್ನು ಕೆಳಗೇ ಕೂರಿಸುವ ತಂತ್ರ ಎಂದು ನಾನು ಎದ್ದು ನಿಂತು ಹೇಳಿದೆ.

ಟ್ಯೂಬ್ ಕಟ್ಟು. ಗೂಳಿ ಮಾಡುವುದನ್ನೆಲ್ಲ ನೀನೂ ಮಾಡು. ಒಂದು ಎಳೆಯಷ್ಟು ವ್ಯತ್ಯಾಸ ಕಂಡರೂ ಅದನ್ನೇ ಹಿಡಿದು ಜಗ್ಗುತ್ತಾರೆ. ಇನ್ನೊಂದು ಮಾತು, ಇದನ್ನು ಗೋಡೆಗೆ ಅಂಟಿಸಿಕೋ: ಯಾವ ಕಾರಣಕ್ಕೂ ಮೈಗೆ ಹುಷಾರಿಲ್ಲ ಎಂದು ಅವರ ಮುಂದೆ ಬಾಯಿ ಬಿಡಬೇಡ. ತಲೆನೋವು ಎಂದರೆ ಗಂಡಸಿಗೆ ತಲೆನೋವು, ಹೆಂಗಸಿಗಾದರೆ "ನೋಡಿದ್ರಾ, ನಾವು ಹೇಳ್ಲಿಲ್ವಾ?"

ಬಿಸಿ ಇಳಿದಿದೆ ಎಂದು ಓದಿ ಕುಣಿದಾಡಿದೆ. ಹಾಗಾದರೆ ಇನ್ನು ಬೆಳಿಗ್ಗೆ ಒಂದು, ಸಂಜೆ ಒಂದು ತೆಗೆದುಕೋ, ಪೂರ್ತಿ ಹೋಗಿಬಿಡಲಿ. ಇನ್ನೆರಡು ಡಬ್ಬಿ ಇದರೊಂದಿಗಿವೆ. ಇಲ್ಲಿ ನನ್ನ ಗೆರೆಗಳು ಸ್ವಲ್ಪ ತಂಟೆ ಮಾಡುತ್ತಿವೆ. ಒಂದು ಉಂಗುರ ಸತ್ವ ಬಿದ್ದ ಕೂಡಲೇ ಪೂರಾ ಸಡಿಲ, ಪಕ್ಕದ್ದು ಅಲ್ಲಾಡುವುದೂ ಇಲ್ಲ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದೆ, ಹದವಾಗಿ ಬಂತು. ಸರಾಸರಿಯಲ್ಲಿ ಎಲ್ಲರಿಗೂ ಒಂದೇ ಸ್ಥಾನ, ಅದಕ್ಕೇ ಅದು ನನಗಿಷ್ಟ.

ನಿನ್ನ ತಂಗಿ


ಏಪ್ರಿಲ್ 6

ಪುಟ್ಟಿ,

ಬರೆಯುವುದು ತಡವಾಯಿತು. ಕೆಲಸ ಜಾಸ್ತಿ.

ಎಲ್ಲ ಚೆನ್ನಾಗಿದೆ. ನೀನು ಹೇಳಿದಂತೆ ಎರಡು ಮಾತ್ರೆ ನಡೆಯುತ್ತಿದೆ, ಇವರದೂ ಎರಡು. ಬಿಸಿ ಈಗ ಇಲ್ಲವೇ ಇಲ್ಲ ಎನ್ನಬಹುದು. ಇವರಂತೂ ಒಲೆ ಮುಂದೆ ಗುಂಡುಕಲ್ಲಿನ ಹಾಗಿದ್ದಾರೆ.

ಟ್ಯೂಬ್ ಕಟ್ಟಿದ್ದೆ. ಈಗ ಬಿಚ್ಚಿದ್ದೇನೆ. ಕಾರಣ ಏನಿಲ್ಲ, ಕೈಗೆ ಅಭ್ಯಾಸ ತಪ್ಪುತ್ತದೆ ಅಷ್ಟೆ.

ನಮ್ಮ ಅಮ್ಮ ಕೆಲಸದ ನಡುವೆ ಬಾಗಿಲ ಚೌಕಟ್ಟು ಹಿಡಿದು ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದಳು, ನಿನಗೆ ನೆನಪಿದೆಯೇ? ನೀನಾಗ ತೀರಾ ಚಿಕ್ಕವಳು. ನಾನು ಹೋಗಿ ಸೆರಗು ಹಿಡಿದರೆ "ಏನಿಲ್ಲ, ಭೂಮಿ ಸ್ವಲ್ಪ ಓಡಾಡ್ತಿತ್ತು, ಈಗ ಕೂತ್ಕೊಳ್ತು" ಅನ್ನುತ್ತಿದ್ದಳು. ಅವಳಿಗಾಗ ನನ್ನಷ್ಟೇ ವಯಸ್ಸೇನೋ. ಸುಮ್ಮನೆ ನೆನಪಾಯಿತು.

ಮುಂದಿನ ತಿಂಗಳು ಕ್ರೇನಿನ ತೀರ್ಮಾನ. ಮೇಸ್ತ್ರಿ ಈಗೀಗ ಕೆಳಗೆ ನಿಂತು ನನ್ನ ಕೆಲಸವನ್ನೇ ನೋಡುತ್ತಿರುತ್ತಾರೆ. ನಿನ್ನ ಮಾತು ನೆನಪಿದೆ. ಬಾಯಿ ಬಿಟ್ಟಿಲ್ಲ.

ಅಕ್ಕ


ಏಪ್ರಿಲ್ 13

ಅಕ್ಕ,

ಇಷ್ಟು ದಿನ ಕಾದದ್ದಕ್ಕೆ ಇಷ್ಟೇ ಇಷ್ಟು ಕಾಗದವೇ? ಅದರಲ್ಲೂ ಅರ್ಧ ಅಮ್ಮನ ಬಾಗಿಲ ಚೌಕಟ್ಟು. ಅಮ್ಮ ಇಡೀ ಆಯುಷ್ಯ ಆ ಚೌಕಟ್ಟು ಹಿಡಿದೇ ನಿಂತಳು, ನಿಜ. ಆ ಕಥೆ ಹೇಳಿ ಕಣ್ಣೊರೆಸಿಕೊಳ್ಳುವ ಹೊತ್ತೇ ಇದು? ನೀನು ಅವಳ ಹಾಗಾಗಬಾರದು ಎಂದೇ ಅಲ್ಲವೇ ಏಣಿ ಹತ್ತಿದ್ದು?

ಟ್ಯೂಬ್ ಬಿಚ್ಚಿದ್ದಕ್ಕೆ ಕಾರಣವಿಲ್ಲ ಎಂದರೆ ನಂಬಲು ನಾನೇನು ನಿನ್ನ ಮೇಸ್ತ್ರಿಯೇ? ಯಾರ ಭಯಕ್ಕೆ ಬಿಚ್ಚಿದೆ, ಹೇಳು. ಭಾವನೇ ಹೇಳಿರಬೇಕು: ಯಾಕೆ ಬೇಕು, ಸುಮ್ಮನಿರು, ಇರೋ ಕ್ರೇನೇ ಸಾಕು. ಒಳ್ಳೆಯ ಗಂಡಸರು ಹೀಗೇ ಹಿಂದಕ್ಕೆಳೆಯುವುದು, ನಗುನಗುತ್ತಾ. ನಿನ್ನ ಕಾಗದದಲ್ಲಿ ಮೊದಲ ಬಾರಿಗೆ ಹೆದರಿಕೆಯ ವಾಸನೆ ಬಂತು. ನನಗೆ ನಾಚಿಕೆಯಾಯಿತು.

ಮೇಡಂ ವಾಪಸು ಬಂದಿದ್ದಾರೆ. ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಗೆರೆಗಳನ್ನು ಕಿಟಕಿಗೆ ಹಿಡಿದು ಹಿಡಿದು ನೋಡುತ್ತಾರೆ. "ಇದು ಒಂದು ಗುಂಪಿನ ಥರ ಕಾಣ್ತಿಲ್ಲ ಕಣೇ, ಎರಡು ಗುಂಪು ಸೇರಿ ಜಗಳ ಆಡ್ತಿರೋ ಹಾಗಿದೆ. ನೂಲಿನ ಪ್ರಕಾರ ಬೇರೆ ಮಾಡಿಟ್ಟಿದೀಯಾ?" ಎಂದು ಕೇಳಿದರು. ಇನ್ನೂ ಮಾಡಬೇಕು ಎಂದು ಹೇಳಿ ತಪ್ಪಿಸಿಕೊಂಡೆ. ಕಣ್ಣು ಸರಿಹೋದರೂ ದೃಷ್ಟಿ ಹಳೆಯದೇ, ಎಲ್ಲೆಲ್ಲೂ ಎರಡೆರಡು ಗುಂಪು ಕಾಣುತ್ತವೆ.

ಟ್ಯೂಬ್ ಕಟ್ಟಿಕೊಂಡು ಉತ್ತರ ಬರೆ.

ತಂಗಿ


ಏಪ್ರಿಲ್ 22

ಪುಟ್ಟಿ,

ನಿನ್ನ ಭಾವನ ಮೇಲೆ ಕೋಪ ಬೇಡ. ಹೊಸ ಕ್ರೇನು ಬರುವ ಸುದ್ದಿ ಕೇಳಿದ ದಿನ ಬೇಕರಿಯಿಂದ ಸಕ್ಕರೆಯಲ್ಲಿ ಕ್ರೇನು ಬರೆಸಿದ ಕೇಕ್ ತಂದವರು ಅವರು. ಕ್ರೇನೋ ಜಿರಾಫೆಯೋ ಗೊತ್ತಾಗದ ಹಾಗಿತ್ತು, ಅದು ಬೇರೆ ಮಾತು.

ಹೆದರಿಕೆ ಎಂದು ಬರೆದೆಯಲ್ಲ. ಇರಬಹುದು. ನನ್ನ ಕೊಕ್ಕೆಯ ಕೆಳಗೆ ಯಾರ ಯಾರ ಮನೆಯ ಮಕ್ಕಳೋ ಓಡಾಡುತ್ತಿರುತ್ತಾರೆ. ನಿನ್ನ ಕೊಕ್ಕೆಯ ಕೆಳಗೆ ಉಪ್ಪುನೀರು ಮಾತ್ರ. ಇದಕ್ಕಿಂತ ಹೆಚ್ಚು ಬರೆಯಲು ಈಗ ಮನಸ್ಸಿಲ್ಲ.

ಆ ಕ್ರೇನು ಸಿಕ್ಕ ದಿನ ಬರೆಯುತ್ತೇನೆ. ನಿನಗೆ ನಾಚಿಕೆಯಾಗದ ಹಾಗೆ ನೋಡಿಕೊಳ್ಳುತ್ತೇನೆ.

ಅಕ್ಕ

ನಾನು ನಿನ್ನ ಭಾವ. ಅಂಚೆಗೆ ಹಾಕು ಅಂತ ಕೊಟ್ಟಳು, ದಾರಿಯಲ್ಲಿ ಬಿಚ್ಚಿದೆ. ಬೈದುಕೋ, ಪರವಾಗಿಲ್ಲ. ನಿನ್ನ ಅಕ್ಕ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತಾಳೆ. ಹೋದ ವಾರ ಬಟ್ಟೆ ಒಣಹಾಕುತ್ತಾ ಹಾಗೇ ಕುಸಿದಳು. ಕೇಳಿದರೆ ವಯಸ್ಸಾಯಿತು ಅನ್ನುತ್ತಾಳೆ. ಮಾತ್ರೆಯದೇನಾದರೂ ಇರಬಹುದಾ ಅಂದೆ. "ನೀವೂ ಅದನ್ನೇ ತಾನೇ ನುಂಗ್ತಿರೋದು, ಒಲೆ ಮುಂದೆ ನಿಂತಿರೋ ನಿಮಗೇ ಏನೂ ಆಗಿಲ್ಲ ಅಂದ್ಮೇಲೆ ಮಾತ್ರೆಯದಲ್ಲ, ನನ್ನದೇ ದೋಷ" ಅಂದಳು. ಮಾತು ಸರಿಯಾಗೇ ಇದೆ ಅನ್ನಿಸಿ ಸುಮ್ಮನಾದೆ. ಆದರೂ ನೀನು ಓದಿದವಳು, ಒಂದು ಮಾತು ಕೇಳೋಣ ಅಂತ.


ಏಪ್ರಿಲ್ 29

ಅಕ್ಕ,

ಮೊದಲು ಇದನ್ನು ಓದು, ಉಳಿದದ್ದು ಆಮೇಲೆ. ಮಾತ್ರೆ ನಿಲ್ಲಿಸು. ಇವತ್ತೇ. ಮೇಲೆ ಹತ್ತಬೇಡ. ಡಾಕ್ಟರ ಹತ್ತಿರ ಹೋಗು, ಡಬ್ಬಿಯನ್ನು ತೆಗೆದುಕೊಂಡು ಹೋಗಿ ತೋರಿಸು.

ಭಾವನ ಸಾಲುಗಳನ್ನು ಲ್ಯಾಬಿನಲ್ಲಿ, ಮೇಜಿನ ಮುಂದೆ ನಿಂತು ಓದಿದೆ. ಅವರಿಗೆ ಏನೂ ಆಗಿಲ್ಲ, ನೀನು ಕುಸಿದೆ. ಒಂದೇ ಮಾತ್ರೆ, ಒಂದೇ ಬಿಸಿ. ಒಬ್ಬರು ಅಲ್ಲಾಡುವುದಿಲ್ಲ, ಒಬ್ಬರು ಪೂರಾ ಸಡಿಲ. ಇದನ್ನು ನಾನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ತಲೆಯೆತ್ತಿದರೆ ಎದುರಿಗೇ ನನ್ನ ಗೆರೆಗಳು.

ನೇರವಾಗಿ ಮೇಡಂ ಕೋಣೆಗೆ ಹೋದೆ. "ನೂಲುಗಳನ್ನೆಲ್ಲ ಕತ್ತರಿಸಿ ಬಿಸಾಡಿದೆ, ಮೊದಲ ದಿನದಿಂದ" ಎಂದೆ. ಯಾಕೆ ಎಂದು ಕೇಳಿದರು. ಕಿರುಹೊತ್ತಿಗೆಯಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಸಣ್ಣದಾಗಿ ಕೇಳತೊಡಗಿತು. ಅವರು ಕೂಗಾಡಿದ್ದರೆ ಸಲೀಸಾಗುತ್ತಿತ್ತು. ಕನ್ನಡಕ ತೆಗೆದು ಒರೆಸಿದರು.

"ನಾನು ಇಲ್ಲಿಗೆ ಬಂದಾಗ ಗಂಡು ಪ್ರಾಣೀದು ಮಾತ್ರ ತರಿಸ್ತಿದ್ರು. ಹೆಣ್ಣಿನದು ಬೇಡ, ಹಾರ್ಮೋನು ಏರುತ್ತೆ ಇಳಿಯುತ್ತೆ, ಲೆಕ್ಕ ಕೆಡುತ್ತೆ ಅಂತ. ಗಂಡಿನ ನಾಳ ನೋಡಿ ಹೆಂಗಸರಿಗೆ ಮಾತ್ರೆ ಬರ್ಕೊಡೋರು. ಒಂದು ಕೆಂಪು ನೂಲು ಈ ಮೇಜಿನ ಮೇಲೆ ಬರೋ ಹೊತ್ತಿಗೆ ಜಗಳ ಆಡಿ ಆಡಿ ನನ್ನ ತಲೆ ಬೆಳ್ಳಗಾಯ್ತು. ಅದು ಕೀಳು ಅಂತ ಕಟ್ಟಿದ ನೂಲಲ್ಲ ಕಣೇ. ಇವಳೂ ಇದ್ದಾಳೆ ಅಂತ ಕಟ್ಟಿದ್ದು."

ಕೆಲಸ ಬಿಟ್ಟು ಹೋಗಲೇ ಎಂದು ಕೇಳಿದೆ. "ನಿನ್ನ ಕೋಪ ನಿನ್ನ ಹತ್ರಾನೇ ಇರ್ಲಿ, ಬೇಕಾಗುತ್ತೆ. ಕತ್ತರಿ ಮಾತ್ರ ಇಲ್ಲಿ ಕೊಡು" ಎಂದರು. ಆಮೇಲೆ, "ಪೆಟ್ಟಿಗೆ ಬಂದಿರಬೇಕು, ನಡಿ."

ಈ ಸಲ ನೂಲು ಬಿಚ್ಚದೆ, ಬೇರೆ ಬೇರೆ ಜಾಡಿಯಲ್ಲಿಟ್ಟು ಮಾಡಿದೆವು. ಬಿಳಿ ನೂಲಿನವು ಸತ್ವ ಬಿದ್ದಾಗ ತುಸು ಇಳಿದು ನಿಂತವು. ಕೆಂಪು ನೂಲಿನವು ಒಂದರ ಹಿಂದೊಂದು ಹಿಡಿತ ಬಿಟ್ಟವು. ಪೆನ್ನು ಕಾಗದದ ತಳಕ್ಕೆ ಹೋಗಿ ಕೂತಿತು. ಮತ್ತೆ ಹಾಕಿದೆವು, ಮತ್ತೆ ಹಾಗೆಯೇ. ನಾಳಗಳು ಅಷ್ಟು ಸಡಿಲವಾದರೆ ಒತ್ತಡ ಬಿದ್ದುಹೋಗುತ್ತದೆ, ತಲೆಗೆ ರಕ್ತ ಸಾಲುವುದಿಲ್ಲ, ಕಣ್ಣು ಕತ್ತಲೆ ಬರುತ್ತದೆ. ನಾನು ಒಂದೇ ಜಾಡಿಗೆ ಹಾಕಿ ಸರಾಸರಿ ತೆಗೆದು "ಹದವಾಗಿದೆ" ಎಂದಿದ್ದೆನಲ್ಲ, ಆ ಹದ ಯಾವ ಮೈಯಲ್ಲೂ ಇರಲಿಲ್ಲ, ಅಕ್ಕ. ಅದು ನನ್ನ ಕಾಗದದ ಮೇಲೆ ಮಾತ್ರ ಇತ್ತು. ಅದನ್ನು ನಂಬಿ ನಿನಗೆ ಎರಡೆರಡು ನುಂಗಿಸಿದೆ.

ಮೇಡಂ ಹೇಳಿದ್ದನ್ನೂ ಬರೆಯಬೇಕು. "ಇದು ಹಂದಿಯ ನಾಳ, ನಿಮ್ಮಕ್ಕ ಅಲ್ಲ. ಇಷ್ಟಕ್ಕೇ ಹೆಂಗಸರೆಲ್ಲ ಹೀಗೇ ಅಂತ ಭಾಷಣ ಶುರು ಮಾಡ್ಬೇಡ. ಆದ್ರೆ ಅವಳ ಮಾತ್ರೆ ನಿಲ್ಸೋಕೆ ಇಷ್ಟು ಸಾಕು."

ಇನ್ನು ನೀನು ಕ್ಷಮಿಸಲಾರದ ಮಾತು. ಕಾಗದ ತಲುಪುವವರೆಗೆ ಕಾಯಲಾಗಲಿಲ್ಲ. ಇವತ್ತು ಯಾರ್ಡಿನ ಆಫೀಸಿಗೆ ಫೋನ್ ಮಾಡಿದೆ. ನಿನ್ನನ್ನು ಕರೆಯಿರಿ ಎಂದೆ. "ಮೇಲಿದಾಳೆ, ಲೋಡ್ ಎತ್ತಿದಾಳೆ. ನಾನು ಮೇಸ್ತ್ರಿ. ಏನು ವಿಷಯ ನಂಗೇ ಹೇಳಿ" ಎಂದರು. ಇವರ ಮುಂದೆ ಬಾಯಿ ಬಿಡಬೇಡ ಎಂದು ನಿನಗೆ ಬರೆದವಳು ನಾನು. ರಿಸೀವರ್ ಕೈಯಲ್ಲಿ ಹಿಡಿದು ನಿನ್ನ ಹೊಸ ಕ್ರೇನನ್ನು ನೆನೆದೆ. ಆಮೇಲೆ ನಿನ್ನನ್ನು ನೆನೆದೆ. "ನನ್ನ ಅಕ್ಕನಿಗೆ ತಲೆಸುತ್ತು ಬರ್ತಿದೆ. ಅವಳನ್ನ ಕೆಳಗಿಳಿಸಿ" ಎಂದೆ. ಆ ಕಡೆ ಫೋನು ಇಟ್ಟ ಸದ್ದಾಯಿತು. ತಿರುಗಿ ಮಾಡಿದರೆ ಯಾರೂ ಎತ್ತುತ್ತಿಲ್ಲ.

ನಿನ್ನ ಕ್ರೇನನ್ನು ನಾನೇ ಕಳೆದಿರಬಹುದು. ಆದರೂ ಹೇಳಿದೆ.

ತಂಗಿ


ಮೇ 8

ಅಕ್ಕ,

ಬೇಕರಿಗೂ ಫೋನ್ ಮಾಡಿದೆ. "ಇದಾಳೆ, ಚೆನ್ನಾಗಿದಾಳೆ, ಅವಳೇ ಬರೀತಾಳಂತೆ, ನನ್ನ ಬಾಯಿ ಮುಚ್ಚಿಸಿದಾಳೆ" ಎಂದು ಭಾವ ಇಟ್ಟುಬಿಟ್ಟರು. ಚೆನ್ನಾಗಿದ್ದೀಯ ಎಂಬುದು ಸಾಕು. ಆದರೂ ಅಂಚೆಯವನು ಬರುವ ಹೊತ್ತಿಗೆ ದಿನಾ ಬಾಗಿಲಲ್ಲಿ ನಿಲ್ಲುತ್ತೇನೆ. ಚೌಕಟ್ಟು ಹಿಡಿದು ನಿಲ್ಲುತ್ತೇನೆ ಎಂದು ನಿನ್ನೆ ಗೊತ್ತಾಯಿತು. ಅಮ್ಮನ ಬಗ್ಗೆ ನೀನು ಬರೆದದ್ದು ಸುಮ್ಮನೆ ಅಲ್ಲ, ನಿನ್ನದೇ ತಲೆಸುತ್ತಿನ ಬಗ್ಗೆ ನನ್ನನ್ನು ಕೇಳುತ್ತಿದ್ದೆ ಎಂದೂ ಗೊತ್ತಾಯಿತು. ಅಷ್ಟು ತಡವಾಗಿ.

ಬೈದಾದರೂ ಬರೆ.

ತಂಗಿ


ಮೇ 21

ನನ್ನ ಪಟಾಕಿ,

ಮಾತ್ರೆ ಕಳಿಸಿದವಳೂ ನೀನೇ, ಫೋನ್ ಮಾಡಿದವಳೂ ನೀನೇ. ಯಾವುದಕ್ಕೆ ಬೈಯಲಿ, ಯಾವುದಕ್ಕೆ ಮುದ್ದು ಮಾಡಲಿ ಎಂದು ತೀರ್ಮಾನವಾಗದೆ ಕಾಗದ ತಡವಾಯಿತು. ಈಗಲೂ ಆಗಿಲ್ಲ. ಎರಡನ್ನೂ ಒಟ್ಟಿಗೇ ತೆಗೆದುಕೋ.

ಆ ದಿನ ನೀನು ಫೋನ್ ಮಾಡುವ ಹೊತ್ತಿಗೆ ನಾನು ಪೈಪಿನ ಕಟ್ಟು ಎತ್ತಿ ಲಾರಿಯ ಕಡೆ ತರುತ್ತಿದ್ದೆ. ಗಾಜಿನ ಅಂಚು ಕಪ್ಪಾಗುತ್ತಾ ಬಂತು. ಹೀಗಾಗುವುದು ಅದೇ ಮೊದಲಲ್ಲ. ಮಾರ್ಚಿನಲ್ಲಿ ಒಮ್ಮೆ, ಟ್ಯೂಬ್ ಕಟ್ಟಿದ್ದಾಗಲೇ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕ್ರೇನು ತಾನೇ ನಡೆದು ಅಷ್ಟು ದೂರ ಹೋಗಿತ್ತು. ಕೆಳಗೆ ಯಾರೂ ಇರಲಿಲ್ಲ, ನನ್ನ ಪುಣ್ಯ. ಅವತ್ತೇ ಟ್ಯೂಬ್ ಬಿಚ್ಚಿದ್ದು. ನಿನಗೆ ಬರೆಯಲಿಲ್ಲ. ಮೇಸ್ತ್ರಿಗೆ ಹೆದರದವಳು ನಿನ್ನ ಕಾಗದಕ್ಕೆ ಹೆದರಿದೆ, ಪುಟ್ಟಿ. ನಿನ್ನ ಓದುಕೂಟದವರು ಮೇಜು ಬಡಿದ ಅಕ್ಕ ನಾನಲ್ಲ ಎಂದು ಹೇಗೆ ಬರೆಯಲಿ?

ಈ ಸಲ ಕೈ ಸಡಿಲವಾಯಿತು, ಕ್ರೇನು ಗಕ್ಕನೆ ನಿಂತಿತು. ಪೈಪುಗಳು ಆಕಾಶದಲ್ಲಿ, ನಾನು ಗೂಡಿನಲ್ಲಿ ತಲೆ ಜೋತುಹಾಕಿಕೊಂಡು. ಕೆಳಗಿನವರಿಗೆ ಏನು ಗೊತ್ತು? "ಅಮ್ಮಾವ್ರು ಊಟಕ್ಕೆ ಕೂತ್ರು" ಎಂದು ನಗುತ್ತಿದ್ದರಂತೆ. ನನಗೆ ಸನ್ನೆ ಮಾಡುವ ಸಿಳ್ಳೆ ಅಣ್ಣ ಊದಿ ಊದಿ ಸುಸ್ತಾಗಿ, ಲೋಡರುಗಳನ್ನು ಪೈಪಿನ ಕೆಳಗೇ ಕಳಿಸಿ ಕೈಯಲ್ಲಿ ತಳ್ಳಿಸೋಣ ಎಂದು ಹೊರಟಿದ್ದನಂತೆ. ಅಷ್ಟರಲ್ಲಿ ಮೇಸ್ತ್ರಿ ಆಫೀಸಿನಿಂದ ಓಡಿ ಬಂದರು. "ಕೆಳಗಿರೋರೆಲ್ಲ ಆಚೆ ಹೋಗ್ರೋ! ಅವಳಿಗೆ ತಲೆಸುತ್ತು ಬಂದಿದೆ!" ಅಷ್ಟು ಸರಿಯಾಗಿ ಬಂತು ನಿನ್ನ ಫೋನು.

ಏಣಿ ಹತ್ತಿ ಬಂದವನು ಗೂಳಿ. ಎಚ್ಚರವಾದಾಗ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಾ "ಅಕ್ಕಾ, ಅಕ್ಕಾ" ಅನ್ನುತ್ತಿದ್ದ. ಪೈಪುಗಳನ್ನು ಅವನೇ ನಿಧಾನವಾಗಿ ಇಳಿಸಿದ. ಆಮೇಲೆ ಖಾಲಿ ಹಿಡಿಕೆಯನ್ನು ಸವರಿ ನೋಡಿ, "ಕಟ್ಟಿದ್ದಿದ್ರೆ?" ಅಂದ.

ಕೆಳಗಿಳಿದರೆ ಎಲ್ಲರೂ ಸುತ್ತುಗಟ್ಟಿ ನಿಂತಿದ್ದಾರೆ. ಮೇಸ್ತ್ರಿ ಕೈ ಕಟ್ಟಿಕೊಂಡು, "ನಾನು ಅಂದ್ಕೊಂಡೇ ಇದ್ದೆ. ಹೆಂಗಸರಿಗೆ ಎತ್ತರ ಆಗಿಬರಲ್ಲ" ಅಂದರು. ನೀನು ಗೋಡೆಗೆ ಅಂಟಿಸಿಕೋ ಎಂದಿದ್ದ ಮಾತು ನೆನಪಾಯಿತು. ಅದನ್ನು ಕಿತ್ತುಹಾಕಿದೆ.

"ಎತ್ತರ ಆಗಿಬರುತ್ತೆ ಮೇಸ್ತ್ರೀ. ನೀರು ಕುಡೀದೆ ಕೂರೋದು ಆಗಿಬರಲ್ಲ. ಹೆಂಗಸರ ಟಾಯ್ಲೆಟ್ಟು ಇರೋದು ಗೇಟಿನ ಹತ್ರ. ಹೋಗಿ ಬರೋಷ್ಟರಲ್ಲಿ ಲಾರಿಯವನು ಹಾರ್ನ್ ಹೊಡೀತಾನೆ, ನೀವು ಗಡಿಯಾರ ನೋಡ್ತೀರ. ಅದಕ್ಕೇ ಬೆಳಿಗ್ಗೆಯಿಂದ ಗಂಟಲು ಒಣಗಿಸ್ಕೊಂಡು ಕೂರ್ತೀನಿ. ಗೂಳಿ ಇಳಿದು ಗೋಡೆ ಮರೇಲಿ ನಿಲ್ತಾನೆ. ನಾನೂ ನಿಲ್ಲಲಾ?"

ಲೋಡರುಗಳು ಕಿಸಕ್ಕನೆ ನಕ್ಕರು. ಗೂಳಿ ತನ್ನ ಬೂಟು ನೋಡಿಕೊಂಡ. ಮೇಸ್ತ್ರಿ ಮುಖ ಕೆಂಪಾಯಿತು. ಇದೇ ಪುಟ್ಟಿ, ನಾನು ನಿನಗೆ ಬೇಡವೆಂದಿದ್ದ ಗುಟ್ಟು.

ಡಾಕ್ಟರಿಗೆ ಎಲ್ಲ ಹೇಳಿದೆ, ನಿನ್ನ ಡಬ್ಬಿಯನ್ನೂ ತೋರಿಸಿದೆ. ಬಿಸಿಲು, ಬೆವರು, ನೀರಿಲ್ಲದ ಮೈ, ಅದರ ಮೇಲೆ ನಾಳ ಸಡಿಲಿಸುವ ಈ ಮಾತ್ರೆ ಎರಡೆರಡು. ಬೀಳದೆ ಇನ್ನೇನಾಗುತ್ತೆ ಎಂದರು. ನಿಲ್ಲಿಸಿದ ಮೇಲೆ ಭೂಮಿ ತನ್ನ ಜಾಗದಲ್ಲೇ ಕೂತಿದೆ. ಬಿಸಿ ಮಾತ್ರ ವಾಪಸು ಬಂದಿದೆ, ಹಳೇ ನೆಂಟರ ಹಾಗೆ. ಅದಕ್ಕೆ ಬೇರೆ ದಾರಿ ನೋಡೋಣ ಎಂದಿದ್ದಾರೆ. ಇವರೂ ನಿಲ್ಲಿಸಿದರು. ನನಗೇನೂ ಆಗಲಿಲ್ಲ ಎಂದು ಬೀಗುತ್ತಿದ್ದವರು ಈಗ "ನಂಗೂ ಒಂಚೂರು ಆಗಿದ್ದಿದ್ರೆ ನೀನು ಬೇಗ ನಂಬ್ತಿದ್ದೆ" ಎಂದು ಪೇಚಾಡುತ್ತಾರೆ.

ಹೊಸ ಕ್ರೇನು ಗೂಳಿಗೆ ಹೋಯಿತು. ಬರೆಯುವಾಗ ಕೈ ನಿಂತಿತು ನೋಡು, ಇನ್ನೂ ನೋವಿದೆ. ನಿನ್ನ ಫೋನಿನಿಂದಲೇ ಹೋಯಿತು ಎಂದು ಎರಡು ದಿನ ನಿನ್ನ ಹೆಸರೆತ್ತಿದರೆ ಇವರ ಮೇಲೆ ಹಾರಾಡಿದೆ. ಆಮೇಲೆ ಸಿಳ್ಳೆ ಅಣ್ಣ ಮನೆಗೆ ಬಂದ. ಆ ದಿನ ಪೈಪಿನ ಕೆಳಗೆ ಹೊರಟಿದ್ದ ಲೋಡರುಗಳಲ್ಲಿ ಅವನ ಮಗನೂ ಇದ್ದ. ಕೂತು ಟೀ ಕುಡಿದ, ಎದ್ದು ಹೋದ. ಅವನು ಹೋದ ಮೇಲೆ ನನ್ನ ಕೋಪ ಹುಡುಕಿದರೂ ಸಿಗಲಿಲ್ಲ.

ಡಾಕ್ಟರು ಬರೆದುಕೊಟ್ಟ ಮೇಲೆ ಹೋದ ವಾರದಿಂದ ಹಳೇ ಕ್ರೇನಿಗೆ ಹತ್ತುತ್ತಿದ್ದೇನೆ. ಏಣಿಯ ಬುಡದಲ್ಲೇ ತಗಡು ಹೊಡೆದು ಒಂದು ಟಾಯ್ಲೆಟ್ಟು ಕಟ್ಟಿಸಿದ್ದಾರೆ. ಚಿಲಕ ಇನ್ನೂ ಸರಿಯಾಗಿ ಬೀಳುವುದಿಲ್ಲ, ಒಳಗಿನಿಂದ ಹಾಡು ಹೇಳುತ್ತಾ ಕೂರಬೇಕು. ಗೂಳಿ ಹೊಸ ಕ್ರೇನಿಗೆ ಟ್ಯೂಬ್ ಕಟ್ಟಿಲ್ಲ. ಹಳೆಯದನ್ನು ತಂದು ನನಗೇ ಕೊಟ್ಟ, ಇದರ ಜೊತೆ ಕಳಿಸಿದ್ದೇನೆ. ನಿನ್ನ ಓದುಕೂಟದಲ್ಲಿ ಮೇಜಿನ ಮೇಲಿಡು, ಬಡಿಯುವ ಮೊದಲು ಒಮ್ಮೆ ನೋಡಲಿ.

ಈಗ ನನ್ನದೊಂದು ಕೆಲಸ ಮಾಡು. ನೀರಿನ ಕ್ಯಾನು ಮೇಲಕ್ಕೆ ಒಯ್ಯುತ್ತೇನೆ. ಎಲ್ಲರವೂ ಒಂದೇ ಥರದ ನೀಲಿ ಕ್ಯಾನುಗಳು. ಬೆಳಿಗ್ಗೆ ಏಣಿಯ ಬುಡದಲ್ಲಿ ಸಾಲಾಗಿಟ್ಟಿದ್ದರೆ, ಯಾವುದು ಯಾರದೆಂದು ನೋಡದೆ ಗಂಡಸರು ನನ್ನದನ್ನೇ ಎತ್ತಿ ಗಟಗಟ ಖಾಲಿ ಮಾಡುತ್ತಾರೆ. ನಿನ್ನ ಮೇಜಿನಿಂದ ಒಂದು ಮೊಳ ಕೆಂಪು ನೂಲು ಕಳಿಸು. ಮೇಡಂ ಅವರನ್ನು ಕೇಳಿಯೇ ಕತ್ತರಿಸು.

ಅಕ್ಕ